ಎರವಲು ಕೊಟ್ಟ ಹೆಸರು

ಹೊನ್ನವಳ್ಳಿ, ಸೋಮವಾರ

ಚಿ. ಸೌ. ಗಿರಿಜಾಂಬಿಕಾಳಿಗೆ ಸೋದರಮಾವನ ಆಶೀರ್ವಾದ.

ಆಸ್ಪತ್ರೆಯಲ್ಲಿ ನಿನ್ನ ಮಗುವಿನ ಗಾಜಿನ ಪೆಟ್ಟಿಗೆಗೆ ‘ತಿಪ್ಪಯ್ಯ’ ಎಂದು ಚೀಟಿ ಅಂಟಿಸಿದವರು ಯಾರೆಂದು ಫೋನಿನಲ್ಲಿ ರೇಗಿದೆಯಲ್ಲ, ನಾನೇ ಕಣವ್ವ. ನನಗಿಂತ ಮೊದಲು ಹುಟ್ಟಿದ ಮೂವರೂ ಉಳಿಯಲಿಲ್ಲವೆಂದು ನಮ್ಮವ್ವ ನನ್ನನ್ನು ತಿಪ್ಪೆಯ ಮೇಲೆ ಹೊರಳಿಸಿ, ಸಾವಿಗೂ ಬೇಡವಾಗಲಿ ಎಂದು ಈ ಹೆಸರಿಟ್ಟಳು. ಅರವತ್ತೆಂಟಾದರೂ ತೆಂಗಿನಮರ ಹತ್ತುತ್ತೇನೆ. ಹೋಬಳಿಯಲ್ಲಿ ಇನ್ಯಾರಿದ್ದಾರೆ, ತೋರಿಸು ನೋಡೋಣ! ನಿನ್ನ ಮೊದಲ ಕೂಸು ಹೋದದ್ದು ನೆನಪಾಗಿ, ಏಳು ತಿಂಗಳಿಗೇ ಹುಟ್ಟಿದ ಇವನಿಗೆ ನನ್ನ ಗಟ್ಟಿ ಹೆಸರನ್ನೇ ಎರವಲು ಕೊಟ್ಟೆ.

ಅಲ್ಲಿಯ ನರ್ಸಮ್ಮ ಬಂಗಾಳದವರು. ಚೀಟಿ ಕಿತ್ತುಹಾಕುತ್ತಾರೆಂದುಕೊಂಡರೆ, “ಇರಲಿ ಬಿಡಿ ಅಜ್ಜ, ನಮ್ಮ ತಾತನ ಹೆಸರು ‘ತಿನ್‌ಕೊಡಿ’, ಅಂದರೆ ಮೂರು ಕವಡೆ” ಎಂದು ನಕ್ಕರು. ಮಗು ಉಳಿಯಲೆಂದು ಸೂಲಗಿತ್ತಿಗೆ ಮೂರು ಕವಡೆಗೆ ಮಾರಿದಂತೆ ಮಾಡಿ ಇಟ್ಟ ಹೆಸರಂತೆ. ತೊಂಬತ್ತು ವರ್ಷ ಬದುಕಿದರಂತೆ! ಆವತ್ತೇ ನನಗೆ ಧೈರ್ಯ ಬಂತು.

ನಿನ್ನೆ ಕೂಸು ಆಸ್ಪತ್ರೆಯಿಂದ ನಿಮ್ಮ ಮನೆಗೆ ಬಂದು ಫೋನಿನಲ್ಲಿ ಅತ್ತದ್ದನ್ನು ನಮ್ಮ ಇಡೀ ಬೀದಿಗೆ ಕೇಳಿಸಿದ್ದೇನೆ. ನೀನು ಬಚ್ಚಿಟ್ಟುಕೊಂಡಿರುವ ಚೆಂದದ ಹೆಸರನ್ನು ಇನ್ನು ಬಾಯ್ತುಂಬ ಕರೆ. ಆ ಚೀಟಿ ಮಾತ್ರ ಹರಿಯಬೇಡ, ನಾಮಕರಣಕ್ಕೆ ಬಂದಾಗ ವಾಪಸ್ ತಕ್ಕೋತೀನಿ. ನನಗೆ ಇನ್ನೂ ಬೇಕು.

ಸದ್ಯಕ್ಕೆ ಹೆಸರಿಲ್ಲದ
ನಿನ್ನ ಸೋದರಮಾವ