ಹೊರಗಡೆಯ ಚಿಲಕ

ಅಕ್ಕಾ, ನಿನ್ನ ವಿಳಾಸ ಯಾರಿಗೂ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ಊರವರೇ ಸಮಿತಿ ಕಟ್ಟಿಕೊಂಡು ನಮ್ಮ ಮನೆಯನ್ನು ರಿಪೇರಿ ಮಾಡಿ ಪ್ರವಾಸಿಗರಿಗೆ ತೆರೆದಿದ್ದಾರೆ. ತೋರಿಸುವ ಕೆಲಸ ನನ್ನದು. ಹಳೆಯ ಮೊಳೆಯನ್ನೂ ಕೀಳಬಾರದೆಂದು ಕಟ್ಟುಪಾಡು; ಅದಕ್ಕೆ ನಾನೂ ಒಪ್ಪಿ ಕೈ ಎತ್ತಿದ್ದೆ.

ಇವತ್ತು ಹೆಂಗಸೊಬ್ಬರು ಹಿಂದಿನ ಕೋಣೆಯ ಮುಂದೆ ನಿಂತುಬಿಟ್ಟರು. "ಚಿಲಕ ಯಾಕೆ ಹೊರಗಡೆ ಮಾತ್ರ ಇದೆ?"

ಅಂದು ನಿನ್ನನ್ನು ಒಳಗೆ ಕೂಡಿಹಾಕಿ ಆ ಚಿಲಕ ಜಡಿದಿದ್ದ ಚಿಕ್ಕಪ್ಪ, ಈಗ ಸಮಿತಿಯ ಅಧ್ಯಕ್ಷರು, ನನ್ನ ಹಿಂದೆಯೇ ಕೆಮ್ಮಿದರು.

"ಕಾಳು ಇಡ್ತಿದ್ವಿ," ಅಂದೆ.

"ಮತ್ತೆ ಕಿಟಕಿಯ ಮರದ ಸರಳು ಮುರಿದಿದ್ಯಲ್ಲ?"

"ಇಲಿ ಕಾಟ ಕಣಮ್ಮಾ," ಎಂದರು ಚಿಕ್ಕಪ್ಪ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವರು ಹೋದ ಮೇಲೆ ಚಿಲಕ ಸರಿಸಿ ನೋಡಿದೆ. ಸದ್ದಿಲ್ಲದೆ ಸರಿಯಿತು ಅಕ್ಕಾ. ಆಗ ನಿನ್ನ ಸೊಂಟದೆತ್ತರ ಇದ್ದ ನನಗೂ ಎಟಕುವಷ್ಟು ಕೆಳಗಿದೆ.