ಬೀಗದ ದೋಣಿ

ಜೂನ್ 15, ಭಾನುವಾರ. ಕೋನಿಸ್ಟನ್ ಸರೋವರದ ದಡ. ಬೆಳಿಗ್ಗೆ 5.40

ಮೊದಲು ತಪ್ಪೊಪ್ಪಿಗೆ. ವುಲ್ವರ್‌ಹ್ಯಾಂಪ್ಟನ್ ನಿವಾಸಿ, ಇಪ್ಪತ್ತೆಂಟು ವರ್ಷ ಜನರನ್ನು ಮಲಗಿಸಿ ಅಷ್ಟೂ ಜನರನ್ನು ಮತ್ತೆ ಎಬ್ಬಿಸಿದ ಅರಿವಳಿಕೆ ವೈದ್ಯ, ಹುಟ್ಟು ಸಸ್ಯಾಹಾರಿ, ವಿರೂಪಾಕ್ಷ ಎಂಬ ನಾನು, ಈ ದಿನ ನಸುಕಿನಲ್ಲಿ, ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಬಾಡಿಗೆ ಕಾಟೇಜಿನ ಫ್ರಿಜ್ಜಿನಿಂದ ಸುಮಾರು ನಾನೂರು ಕೈದಿಗಳನ್ನು ಬಿಡುಗಡೆ ಮಾಡಿದ್ದೇನೆ.

ಹುಳುಗಳು. ಬಿಳಿ, ಕೊಬ್ಬಿದ, ಜೀವಂತ. ಗಾಳಕ್ಕೆ ಸಿಕ್ಕಿಸಲು ಕೀತ್ ತಂದದ್ದು. ಡಬ್ಬಿ ನನ್ನ ಮೊಸರಿನ ಪಕ್ಕದಲ್ಲೇ — ಅದೇ ಗಾತ್ರ, ಅದೇ ಬಣ್ಣ. ಚಮಚ ಇಳಿಸುವಷ್ಟರಲ್ಲಿ ಮೊಸರು ಮಿಸುಕಿತು. ಬೇಲಿಯ ಬುಡದಲ್ಲಿ ಸುರಿದು ಬಂದೆ.

ಕೀತ್ ಎದ್ದವನೇ ಕೇಳಿದ. ಮುಚ್ಚಳ ಸಡಿಲ ಇತ್ತೇನೋ ಅಂದೆ.

‘ಮುಚ್ಚಳ ಸಡಿಲ ಸರಿ. ಫ್ರಿಜ್ಜಿನ ಬಾಗಿಲು ಅವೇ ತೆಗೆದವಾ, ಡಾಕ್?’

ಟೀ ಮಾಡಲು ಹೋದೆ.

ಸಂಜೆ

ಇಲ್ಲಿ ಯಾಕಿದ್ದೇನೆ? ಬರೆದಿಟ್ಟರೆ ನನಗಾದರೂ ನಂಬಿಕೆ ಬಂದೀತು.

ಮಗಳು ಅಪೂರ್ವ ಬೀಸ್ಟನ್‌ನಲ್ಲಿ ರಿಸರ್ಚ್ ಮಾಡುತ್ತಾಳೆ. ಅದೇ ಲ್ಯಾಬಿನ ಕ್ಯಾಲಮ್‌ನನ್ನು ಮದುವೆಯಾಗುತ್ತೇನೆ ಅನ್ನುತ್ತಾಳೆ. ಹುಡುಗ ಒಳ್ಳೆಯವನು. ಊಟವಾದ ಮೇಲೆ ಹೇಳದೆ ಪಾತ್ರೆ ತೊಳೆಯುತ್ತಾನೆ. ನಾನು ಹೂಂ ಅಂದಿಲ್ಲ. ಉಹೂಂ ಅಂತಲೂ ಅಂದಿಲ್ಲ. ಮೀನಮೇಷ ಎಣಿಸುತ್ತಿದ್ದೇನೆ. ಮೇಷಗಳು ಎದುರು ಗುಡ್ಡದ ತುಂಬ ಇವೆ, ಮೀನದ್ದೇ ಸುದ್ದಿಯಿಲ್ಲ.

ನನ್ನ ತಕರಾರು ಬೀಗರ ಬಗ್ಗೆ. ನಮ್ಮಲ್ಲಿ ಮದುವೆಯಲ್ಲಿ ಅರ್ಧ ಪಾಲು ಬೀಗರದು. ಮುನಿಸಿಕೊಳ್ಳಲು, ಕಾಲೆಳೆಯಲು, ಎಲೆಗೆ ಅಡ್ಡ ಹಿಡಿದ ಕೈ ಸರಿಸಿ ಇನ್ನೊಂದು ಹೋಳಿಗೆ ಬಡಿಸಲು ಒಬ್ಬ ಬೇಕು. ಇಂಗ್ಲಿಷಿನಲ್ಲಿ ಮಗಳ ಮಾವನನ್ನು ನಾನು ಏನೆಂದು ಕರೆಯಬೇಕು? ಪದವೇ ಇಲ್ಲ. ಪದವಿಲ್ಲದವನಿಗೆ ಪದವಿ ಹೇಗೆ ಕೊಡಲಿ?

ಆ ಪದವಿಲ್ಲದವನೇ ಕೀತ್. ಕ್ಯಾಲಮ್‌ನ ಅಪ್ಪ. ಲೀಡ್ಸ್‌ನಲ್ಲಿ ಬಸ್ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವನು. ಏಪ್ರಿಲ್‌ನಲ್ಲಿ ಟಿವಿಡೇಲ್ ದೇವಸ್ಥಾನದಲ್ಲಿ ಮೊದಲ ಭೇಟಿ. ಪುಳಿಯೋಗರೆ ತಿನ್ನುತ್ತ ಇಬ್ಬರೂ ಎರಡು ನಿಮಿಷ ಗಪ್‌ಚುಪ್. ‘ಮೀನು ಹಿಡೀತೀಯಾ, ಡಾಕ್?’ ಅಂದ. ಮೌನ ತುಂಬಿದರೆ ಸಾಕೆಂದು ಅಂದುಬಿಟ್ಟೆ: ‘ಚಿಕ್ಕಂದಿನಿಂದ. ಘಟಪ್ರಭಾ ನದಿಯಲ್ಲಿ.’ ಘಟಪ್ರಭೆಯಲ್ಲಿ ನಾನು ಕಾಲು ತೊಳೆದದ್ದಷ್ಟೇ ನಿಜ.

ಫಲ — ಇಬ್ಬರಿಗೇ ಒಂದು ವಾರ ಕಯಾಕ್ ಫಿಶಿಂಗ್ ರಜೆ. ಹೊರಡುವಾಗ ಅಪೂರ್ವ, ‘ಅಪ್ಪಾ, ಜಸ್ಟ್ ಬಿ ನಾರ್ಮಲ್, ಪ್ಲೀಸ್’ ಅಂದಳು. ನಗುತ್ತಿರಲಿಲ್ಲ. ಬರುವ ಭಾನುವಾರ ಮನೆಗೆ ಬರುತ್ತಾಳೆ. ಅಂದು ಉತ್ತರ ಬೇಕಂತೆ.

ಜೂನ್ 16, ಸೋಮವಾರ

ಕೀತ್‌ನ ಕಯಾಕ್ ಗಟ್ಟಿ ಪ್ಲಾಸ್ಟಿಕ್ಕಿನದು. ನನ್ನದು ಆನ್‌ಲೈನಿನಲ್ಲಿ ತರಿಸಿದ ಗಾಳಿ ತುಂಬುವ ಜಾತಿ. ಪಂಪಿನ ಮೂತಿ ಒಂದು ಅಳತೆ, ದೋಣಿಯ ತೂತು ಇನ್ನೊಂದು. ಗಾಳ ಹಾಕಲು ಬಂದವನು ಒಂದು ಗಂಟೆ ಗಾಳಿ ಹಾಕಿದೆ. ತುಂಬಿದ್ದೆಲ್ಲ ಪಕ್ಕದಿಂದ ನಿಟ್ಟುಸಿರಾಗಿ ಹೊರಬಂತು. ಹೆಸರಿಟ್ಟೆ: ಬೀಗದ ದೋಣಿ. ಎಷ್ಟು ಊದಿದರೂ ಬೀಗದ್ದು. ಬೀಗನಾಗಬಹುದಾದವನ ಎದುರೇ ನನ್ನ ಮಾನ ಇಳಿಸಿದ್ದು.

ಹೆಂಡತಿ ರಾಜೇಶ್ವರಿ ಫೋನ್ ಮಾಡಿದಳು. ದೋಣಿಯ ಕಥೆ ಹೇಳಿದೆ.

‘ಏನ್ರೀ, ಮೀನ ಹಿಡಿಲಿಕ್ಕೆ ಹೋಗೀರೋ, ಪಂಚರ್ ಅಂಗಡಿ ಇಡಲಿಕ್ಕೆ ಹೋಗೀರೋ?’

‘ತಾಂತ್ರಿಕ ತೊಂದರೆ.’

‘ಆ ಮನಶಾನ ಮುಂದ ಭಾಳ ಶಾಣ್ಯಾತನ ಮಾಡಬ್ಯಾಡ್ರಿ. ಹುಡುಗಿ ದಿನಾ ಕೇಳಾಕತ್ತಾಳ, ಅಪ್ಪ ಏನಂದ್ರು ಅಂತ.’

ಹುಡುಗಿ ನನಗೆ ಮಾತ್ರ ಫೋನ್ ಮಾಡುತ್ತಿಲ್ಲ.

ಕೀತ್ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ, ಪಂಪಿನ ಮೂತಿಗೆ ಸುತ್ತಿ, ಒತ್ತಿ, ಕಿವಿಯಿಟ್ಟು ಕೇಳಿದ — ನಾನು ಎದೆಗೆ ಸ್ಟೆತೋಸ್ಕೋಪ್ ಇಟ್ಟ ಹಾಗೇ. ನಲವತ್ತು ನಿಮಿಷ. ದೋಣಿ ಬೀಗಿತು. ‘ಸಾರ್ಟೆಡ್, ಲವ್’ ಅಂದ. ಲೀಡ್ಸ್‌ನಲ್ಲಿ ಗಂಡಸರು ಗಂಡಸರನ್ನು ಹಾಗೆ ಕರೆಯುತ್ತಾರಂತೆ. ರಾಜೇಶ್ವರಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಕರೆದಿಲ್ಲ.

ಹುಳುವಿಗೆ ಬದಲು ನನ್ನ ಬುತ್ತಿಯ ಜೋಳದ ರೊಟ್ಟಿ ನೆನೆಸಿ ಉಂಡೆ ಕಟ್ಟಿದೆ. ‘ಘಟಪ್ರಭೆಯಲ್ಲಿ ಹೀಗೇನಾ?’ ಅಂದ. ‘ನಮ್ಮ ಕಡೆ ಮೀನೂ ಸಸ್ಯಾಹಾರಿ’ ಅಂದೆ. ಯಾಕೋ ಬಹಳ ಹೊತ್ತು ನನ್ನನ್ನೇ ನೋಡಿದ.

ಜೂನ್ 17, ಮಂಗಳವಾರ

ನಷ್ಟದ ಪಟ್ಟಿ. ಗಾಳದ ಕೋಲು ಸಿಕ್ಕಿಸುವ ಕೊಳವೆ — ಮುರಿಯಿತು. ಫೋನು — ‘ವಾಟರ್‌ಪ್ರೂಫ್’ ಚೀಲದೊಳಗೇ ಮುಳುಗಿ ಸತ್ತಿತು. ಚೀಲ ಈಗ ನೀರನ್ನು ಹೊರಗೆ ಬಿಡುತ್ತಿಲ್ಲ, ಅಷ್ಟರ ಮಟ್ಟಿಗೆ ಪ್ರೂಫ್. ಕೊನೆಗೆ, ದಡದಿಂದ ಅರ್ಧ ಮೈಲಿ ದೂರದಲ್ಲಿ, ಹುಟ್ಟು ನಡುವೆ ಲಟಕ್ಕೆಂದು ಎರಡಾಯಿತು. ಎರಡು ಹುಟ್ಟು. ಲಿಂಗಾಯತರ ಮನೆಯಲ್ಲಿ ಹುಟ್ಟಿದವನು ಸರೋವರದ ನಡುವೆ ದ್ವಿಜನಾದೆ.

ಜೋಕನ್ನು ಕನ್ನಡದಲ್ಲೇ ಗಟ್ಟಿಯಾಗಿ ಹೇಳಿದೆ. ಯಾರೂ ನಗಲಿಲ್ಲ. ಆಗ ತಲೆಯೆತ್ತಿ ನೋಡಿದೆ.

ಮಂಜು ಏಳುತ್ತಿತ್ತು. ಒಮ್ಮೆಗೇ ಅಲ್ಲ — ಯಾರೋ ಮಲಗಿದವರ ಹೊದಿಕೆಯನ್ನು ಎಚ್ಚರವಾಗದ ಹಾಗೆ ಸರಿಸಿದಂತೆ. ಮೊದಲು ಒಂದು ಮರದ ಬುಡ. ಆಮೇಲೆ ಬೆಟ್ಟ, ತಲೆಕೆಳಗಾಗಿ, ನೀರಿನಲ್ಲಿ. ಅದರ ಎಷ್ಟೋ ಹೊತ್ತಿನ ಮೇಲೆ ನಿಜವಾದ ಬೆಟ್ಟ. ನೆರಳೇ ಮೊದಲು ಹುಟ್ಟಿ ಆಮೇಲೆ ಬೆಟ್ಟವನ್ನು ಹೆತ್ತ ಹಾಗೆ. ಮುರಿದ ಹುಟ್ಟಿನಿಂದ ಒಂದು ಹನಿ ಬಿತ್ತು, ಅದರ ಉಂಗುರ ಹರಡಿ ಹರಡಿ ಬೆಟ್ಟದ ತುದಿಯವರೆಗೂ ಹೋಯಿತು.

ನನ್ನ ಕಸುಬಿನಲ್ಲಿ ನಿಶ್ಶಬ್ದವೆಂದರೆ ಭಯ. ಬೀಪ್ ನಿಂತರೆ ನನ್ನ ಎದೆಯೂ ನಿಲ್ಲುತ್ತದೆ. ಇಲ್ಲಿ ಏನೂ ಬೀಪ್ ಅನ್ನುತ್ತಿರಲಿಲ್ಲ, ಎಲ್ಲವೂ ಬದುಕಿತ್ತು. ಯಾರೂ ನನ್ನನ್ನು ಕಾವಲಿಗೆ ಕೇಳಿರಲಿಲ್ಲ. ಉಸಿರು ಬಿಟ್ಟೆ. ಎಷ್ಟು ವರ್ಷದಿಂದ ಹಿಡಿದಿದ್ದೆನೋ.

ಇಪ್ಪತ್ತು ಅಡಿ ಆಚೆ ಕೀತ್. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ. ನಾನು ಪಂಚೆಯುಟ್ಟು ಗರ್ಭಗುಡಿಯೆದುರು ನಿಲ್ಲುವ ಹಾಗೆ.

‘ನಲವತ್ತು ವರ್ಷದಿಂದ ಬರ್ತಿದೀನಿ. ಇನ್ನೂ ಟೋಪಿ ತೆಗೀತೀನಿ’ ಅಂದ. ಹಗ್ಗ ಎಸೆದು ನನ್ನ ದೋಣಿಯನ್ನು ಎಳೆದುಕೊಂಡು ಹೋದ. ಅರ್ಧ ಮೈಲಿ. ಒಂದು ಸಲವೂ ಹಿಂದಿರುಗಿ ನಗಲಿಲ್ಲ.

ಇವನ ಜೊತೆ ಏನು ಮಾತಾಡುವುದು ಅಂತಿದ್ದೆ. ಮಾತಾಡಲೇಬೇಕು ಅಂತ ಯಾರು ಹೇಳಿದರು?

ಜೂನ್ 19, ಗುರುವಾರ

ಅಧಿಕೃತ ವರದಿ. ಕೀತ್‌ನ ಫೋನಿನಿಂದ ರಾಜೇಶ್ವರಿಗೆ ಹೇಳಿದ್ದನ್ನೇ ಹೇಳಿದಂತೆ ಬರೆಯುತ್ತೇನೆ.

ದಡದ ಜೊಂಡಿನ ಹತ್ತಿರ ರೊಟ್ಟಿಯ ಉಂಡೆ ಬಿಟ್ಟಿದ್ದೆ. ಹೆಬ್ಬೆರಳಷ್ಟು ಮೀನು ಕಚ್ಚಿತು. ಅದನ್ನು ಎಳೆಯುವಾಗ ಕೆಳಗಿನ ನೆರಳು ಕದಲಿತು. ನೆರಳಲ್ಲ. ಪೈಕ್ — ಮೀನನ್ನೇ ತಿನ್ನುವ ಮೀನು. ಪುಟ್ಟ ಮಗುವಿನಷ್ಟು ಉದ್ದ. ಹಸಿರು ಮೈ, ಅದರ ಮೇಲೆ ಎಲೆಗಳ ನಡುವಿನಿಂದ ಬಿದ್ದ ಬಿಸಿಲಿನಂಥ ಚುಕ್ಕೆ. ಚಿಕ್ಕ ಮೀನನ್ನು ನುಂಗಿ, ದಾರದ ಸಮೇತ, ದೋಣಿಯ ಪಕ್ಕ ನಿಂತಿತು. ಕಣ್ಣು ಹೊಂಬಣ್ಣ. ನೋಡಿತು. ನನ್ನನ್ನು ಯಾರೂ ಅಷ್ಟು ಪೂರ್ತಿಯಾಗಿ ನೋಡಿಲ್ಲ. ನಾನು ಅದರ ಪೈಕಿ ಅಲ್ಲ, ಅದು ನಮ್ಮ ಪೈಕಿ ಅಲ್ಲ. ಆದರೂ ಇಬ್ಬರಿಗೂ ಇದ್ದದ್ದು ಆ ಒಂದೇ ದಾರ.

ಇಪ್ಪತ್ತೆಂಟು ವರ್ಷ ನಡುಗದ ಕೈ. ಎರಡೂ ಕೈಯಿಂದ ಎತ್ತಿ, ಗಾಳ ಬಿಡಿಸಿ, ನೀರಿಗೆ ಮರಳಿಸಿದೆ. ಆಮೇಲೆ ಕೀತ್‌ನ ಕಡೆ ತಿರುಗಿ, ಗಾಂಭೀರ್ಯದಿಂದ ಅಂದೆ: ‘ಇನ್ನು ನಾವು ಬೀಗರು.’

‘ಬಿಗರ್? ನಿನಗಿಂತ ನಾನೇನು ಅಷ್ಟು ದಪ್ಪ ಇಲ್ವಲ್ಲ, ಡಾಕ್.’

ಅರ್ಥ ಹೇಳಿದೆ. ಎರಡು ಮೂರು ಸಲ ಬಾಯೊಳಗೇ ತಿರುಗಿಸಿದ. ‘ಇದಕ್ಕೊಂದು ಪದ ನಮಗೂ ಇರಬೇಕಿತ್ತು’ ಅಂದ.

ರಾಜೇಶ್ವರಿ ಎಲ್ಲ ಕೇಳಿದಳು. ‘ಖರೇನs? ಕೈಯಾಗ ಹಿಡಿದ್ರಿ?’

‘ಹಿಡದೆ.’

‘ಮತ್ತ... ಹೂಂ ಅಂದ್ರಿ?’

‘ಅಂದೆ.’

ಫೋನಿನಲ್ಲಿ ಮೂಗೊರೆಸಿಕೊಂಡ ಸದ್ದು. ‘ಅಪೂರ್ವಾಗ ನೀವs ಹೇಳ್ರಿ. ನಾ ಹೇಳಂಗಿಲ್ಲ’ ಅಂದಳು.

ಜೂನ್ 22, ಭಾನುವಾರ. ಮನೆ. ಸಂಜೆ

ಹೇಳಿದೆ. ಬಾಗಿಲಲ್ಲೇ. ಅಪೂರ್ವ ಅಪ್ಪಿಕೊಂಡು ಅತ್ತಳು, ಆಮೇಲೆ ‘ಅಂಡ್ ಯು ಹೆಲ್ಡ್ ಅ ಪೈಕ್!’ ಅಂದಳು. ರಾಜೇಶ್ವರಿ ಅಷ್ಟರಲ್ಲಿ ಅರ್ಧ ಮಿಡ್‌ಲ್ಯಾಂಡ್ಸಿಗೆ ಫೋನ್ ಮಾಡಿ ಮುಗಿಸಿದ್ದಳು. ಊಟಕ್ಕೆ ಕೂತಾಗ ಕ್ಯಾಲಮ್ ಕೇಳಿದ, ‘ಗಾಳ ಹೇಗೆ ಬಿಡಿಸಿದಿರಿ?’ ಕೈಯಾಡಿಸಿ ತೋರಿಸಿದೆ. ಎದುರಿಗೆ ಕೀತ್. ನನ್ನನ್ನು ನೋಡಿದ. ಬಾಯಿಗೆ ಬೀಗ ಹಾಕಿಕೊಂಡ — ಹೋಳಿಗೆಗೆ ಮಾತ್ರ ತೆಗೆದ. ಬಲವಂತ ಮಾಡಿ ನಾಲ್ಕನೆಯದನ್ನೂ ಬಡಿಸಿದೆ.

ಎಲ್ಲರೂ ವಾಕಿಂಗ್ ಹೋಗಿದ್ದಾರೆ. ಒಂದು ಕಡೆಯಾದರೂ ನಿಜ ಇರಲಿ.

ಪೈಕ್ ನಿಜ. ಕಣ್ಣು ನಿಜ. ಅಷ್ಟೇ. ಅದು ಬಾಯಿ ತೆರೆಯಿತು. ಒಳಗೆ ಹಲ್ಲಿನ ಮೇಲೆ ಹಲ್ಲು. ನಾನೂ ಬಾಯಿ ತೆರೆದೆ. ದಾರ ಹರಿದದ್ದು ತಾನಾಗಿಯೇ. ಕೋಲು ಎಸೆದದ್ದು ನಾನು. ಇಪ್ಪತ್ತೆಂಟು ವರ್ಷ ನಡುಗದ ಕೈ ಯಾವುದನ್ನೂ ಮುಟ್ಟಲಿಲ್ಲ. ದೋಣಿಯ ಆಚೆ ಬದಿಯಿಂದ ದೊಪ್ಪನೆ ನೀರಿಗೆ ಬಿದ್ದೆ. ಈಜು ಬರುವುದಿಲ್ಲ. ಕೀತ್ ತನ್ನ ಕಯಾಕಿನಿಂದ ಇಳಿದು ಓಡಿಬಂದು ಲೈಫ್ ಜಾಕೆಟ್ಟಿನ ಕಾಲರ್ ಹಿಡಿದ. ಅವನ ಕೊರಳಿಗೆ ಎರಡೂ ಕೈ ಹಾಕಿ ಜೋತುಬಿದ್ದೆ. ಗಾಂಭೀರ್ಯದ ಘೋಷಣೆ ಆಗಿದ್ದು ಆಗಲೇ: ‘ಬೀಗರs! ಬೀಗರs, ಬಿಡಬ್ಯಾಡ್ರಿ!’

ಮಗಳ ಮದುವೆಗೆ ನಾನು ಕೊಟ್ಟ ಒಪ್ಪಿಗೆ ಅದು. ಯೋಚಿಸಿ ಹೇಳಿದ್ದಲ್ಲ.

ಅವನು ಬಿಡಲಿಲ್ಲ. ಏಪ್ರಿಲ್‌ನಿಂದಲೂ ಗೊತ್ತಿತ್ತಂತೆ, ನಾನು ಗಾಳ ಮುಟ್ಟಿದವನಲ್ಲ ಅಂತ. ಬೆನ್ನು ತಟ್ಟುತ್ತ, ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದ: ‘ಸ್ಟ್ಯಾಂಡ್ ಅಪ್, ಲವ್.’

ನಿಂತೆ. ನೀರು ಮೊಣಕಾಲಿಗೆ... ಮೊಣಕಾಲಿಗೂ ಸರಿಯಾಗಿ ಬರುತ್ತಿರಲಿಲ್ಲ.