ಖಂಡೇನವಮಿಗೆ ನಡೆದ ಮಗ್ಗ

ಕಬನೂರ, ಇಚಲಕರಂಜಿ
ದಸರೆಯ ಮರುದಿನ

ತೀರ್ಥರೂಪ ಅವ್ವ,

ಇಲ್ಲಿಂದಲೇ ನಿನ್ನ ಪಾದಕ್ಕೆ ಹಣೆ ಹಚ್ಚಿದ್ದೇನೆ. ಫೋನಿರುವಾಗ ಪತ್ರವೇಕೆ ಎಂದು ಹುಬ್ಬು ಏರಿಸಬೇಡ. ಫೋನಿನಲ್ಲಿ ಮಲ್ಲಿನಾಥನ ಹೆಸರು ತೆಗೆದರೆ ಸಾಕು, ಎಮ್ಮೆ ಒದರುತ್ತಿದೆ ಎಂದು ಇಟ್ಟುಬಿಡುತ್ತೀಯ. ಪತ್ರದ ಮುಂದೆ ನಿನ್ನ ಎಮ್ಮೆಯ ಆಟ ನಡೆಯುವುದಿಲ್ಲ. ಗಡಹಿಂಗ್ಲಜದ ಸಂತೆ ಮುಗಿಸಿ ಬಂದು, ಚಹಾ ಕುಡಿದು, ಕಟ್ಟೆಯ ಮೇಲೆ ಕುಳಿತು ಪೂರ್ತಿ ಓದು.

ಬೇಸಿಗೆಯಲ್ಲಿ, ಮದುವೆಯಾದರೆ ಅವನನ್ನೇ ಎಂದು ನಾನು ಹೇಳಿದಾಗ ನೀನು ಅವನ ಪಗಾರ ಕೇಳಲಿಲ್ಲ, ಮನೆ ಕೇಳಲಿಲ್ಲ. ಊರು ಯಾವುದು, ಬೆಲ್ಲ ಬಹಳ ತಿನ್ನುತ್ತಾನೇನು ಎಂದು ಕೇಳಿದೆ. ಆಮೇಲೆ, "ಚಂದಗಡದ ಅಡವಿ ಮಂದಿ ಬ್ಯಾಡ. ಅವ್ರ ಕೈ ಹಿಡದಾಕಿ ಜೀವಮಾನ ದಾರಿ ಕಾಯ್ಕೋತ ಕುಂದರತಾಳ" ಎಂದೆ. ಅಪ್ಪನೂ ಚಂದಗಡದಿಂದ ಮನೆಯಳಿಯನಾಗಿ ಬಂದವನಲ್ಲವೇ. ನಾನು ಸಣ್ಣವಳಿದ್ದಾಗ ಮನೆ ಬಿಟ್ಟು ಹೋದವನು ತಿರುಗಿ ಬರಲಿಲ್ಲ. ಆ ಸಿಟ್ಟನ್ನು ನನ್ನ ಹುಡುಗನ ಮೇಲೆ ತೀರಿಸಿಕೊಳ್ಳುತ್ತಿದ್ದೀಯ ಎಂದುಕೊಂಡು ನಾನೂ ಮುಖ ಊದಿಸಿಕೊಂಡು ಬಸ್ಸು ಹತ್ತಿದೆ.

ಇನ್ನು ಮುಚ್ಚಿಡುವುದಿಲ್ಲ. ಮಲ್ಲಿನಾಥ ಕರಡಿಯಾಗುತ್ತಾನೆ, ಅವ್ವ. ಆ ಕಡೆಯ ಕೆಲವು ಗಂಡಸರಿಗೆ ಹುಟ್ಟಿನಿಂದಲೇ ಹೀಗಂತೆ. ಸುತ್ತ ಸದ್ದಡಗಿದರೆ ಮೈಮೇಲೆ ಕೂದಲು ಏಳುತ್ತದೆ, ನೋಡನೋಡುತ್ತ ಕರಡಿ. ಗದ್ದಲ ಇದ್ದಷ್ಟು ಹೊತ್ತು ಮನುಷ್ಯ. ಅದಕ್ಕೇ ಅವನು ಭತ್ತದ ಗದ್ದೆ ಬಿಟ್ಟು, ಹಗಲು ರಾತ್ರಿ ಮಗ್ಗ ಬಡಿಯುವ ಈ ಊರಿಗೆ ಬಂದು ನೇಕಾರನಾದ.

ನನಗೆ ಗೊತ್ತಾದದ್ದು ಹೋದ ವರ್ಷದ ಮಳೆಗಾಲದಲ್ಲಿ. ಕಾರ್ಖಾನೆಯಲ್ಲಿ ಅವನ ಮಗ್ಗದ ಹತ್ತಿರ ಕುಳಿತು ನಾನು ಲಾಳಿಯ ಕಾಂಡಿಗೆ ನೂಲು ಸುತ್ತುತ್ತಿದ್ದೆ. ಕರೆಂಟು ಹೋಯಿತು, ಊಟಕ್ಕೆಂದು ಡಬ್ಬಿ ತೆಗೆದೆ, ಅಷ್ಟರಲ್ಲಿ ಅವನು ಎದ್ದು ಓಡಿದ, ನಾನು ಬೆನ್ನು ಹತ್ತಿದೆ. ಹಿಂದಿನ ಗೋದಾಮಿನಲ್ಲಿ, ಕೆಟ್ಟ ನೂಲಿನ ಗುಡ್ಡೆಯ ಮೇಲೆ ಒಂದು ಕರಡಿ ಕುಳಿತಿತ್ತು. ಹೆದರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅದು ನನಗಿಂತ ಹೆಚ್ಚು ಹೆದರಿ ಎರಡೂ ಪಂಜದಿಂದ ಮುಖ ಮುಚ್ಚಿಕೊಂಡಿತ್ತು. ಕೈಯಲ್ಲಿದ್ದ ಊಟದ ಡಬ್ಬಿಯಿಂದ ಬೆಲ್ಲ ತೆಗೆದು ಮುಂದಿಟ್ಟೆ, ತಿಂದಿತು. ಕರೆಂಟು ಬಂದು ಮಗ್ಗಗಳು ಹೊರಟ ಮೇಲೆ ಗೋಣಿಚೀಲ ಸುತ್ತಿಕೊಂಡ ಮಲ್ಲಿನಾಥ, "ಇನ್ನ ನೀ ನನ್ನ ಕೂಡ ಮಾತಾಡೂದಿಲ್ಲ, ಹೌದಲ್ಲ?" ಎಂದ. "ಅರ್ಧಾ ಬೆಲ್ಲಾ ನನಗ ಉಳಸಬೇಕಿತ್ತು" ಎಂದೆ. ಅವನು ನಕ್ಕ. ಅಂದಿನಿಂದ ನನಗೆ ಬೇರೆ ಯಾರೂ ಬೇಡ.

ನವರಾತ್ರಿಗೆ ಮೊದಲು ಇಬ್ಬರು ಬಂದರು. ಮಗ್ಗದ ಬಿಡಿಭಾಗ ಮಾರುವವರು ಎಂದು ಹೇಳಿಕೊಂಡರು. ಚಹಾದ ಗಾಡಿಯ ಹತ್ತಿರ ಕೇಳಿದ್ದು ಮಾತ್ರ, ಕರೆಂಟು ಹೋದಾಗ ಕಾಣೆಯಾಗುವ ಕೆಲಸಗಾರ ಯಾರು ಎಂದು. ಪಿತ್ತಕೋಶಕ್ಕಾಗಿ ಕರಡಿಗಳನ್ನು ಕೊಲ್ಲುವ ಜನ ಅವರು. ಮಲ್ಲಿನಾಥನ ಕಾಕಾನನ್ನು ಉರುಲಿಗೆ ಕೆಡವಿದವರೂ ಅವರೇ. ಖಂಡೇನವಮಿಗೆ ಇಡೀ ಕಬನೂರು ಸದ್ದಡಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ಆ ದಿನ ಮಗ್ಗಕ್ಕೆ ಪೂಜೆ ಮತ್ತು ವಿಶ್ರಾಂತಿ. ಮುಟ್ಟಿ ನಡೆಸಿದರೆ ವರ್ಷವೆಲ್ಲ ಕೈಗೆ ಪೆಟ್ಟು ತಪ್ಪದು ಎನ್ನುತ್ತಾರೆ. ಪ್ರತಿವರ್ಷ ಅವನು ಮುನ್ನಾದಿನವೇ ಅಡವಿ ಸೇರುತ್ತಿದ್ದ. ಈ ಸಲ ಚಂದಗಡದ ಬಸ್ಸು ನಿಲ್ಲುವಲ್ಲಿಯೇ ಅವರ ಜನ ಕಾದಿದ್ದರು.

ಹೀಗಾಗಿ ಪೂಜೆಯ ಹೊತ್ತಿಗೆ ಅವನು ಕಾರ್ಖಾನೆಯಲ್ಲೇ ಉಳಿದ. ಮಗ್ಗಗಳಿಗೆಲ್ಲ ಚೆಂಡುಹೂವಿನ ಮಾಲೆ, ನಿಂಬೆಹಣ್ಣು. ಗಂಟೆ ಬಾರಿಸುವವರೆಗೂ ಚೆನ್ನಾಗಿಯೇ ಇದ್ದ. ಮಾಲೀಕ ಬಾಳಾಸಾಹೇಬರು ಕಾಯಿ ಒಡೆದು ಕಣ್ಣು ಮುಚ್ಚಿ ನಿಂತರು. ಎಲ್ಲರೂ ಸುಮ್ಮನಾದರು. ಆ ಇಬ್ಬರು ಬಾಗಿಲಲ್ಲಿ ನಿಂತು, ಪ್ರಸಾದಕ್ಕೆ ಬಂದವರ ಹಾಗೆ ಒಬ್ಬೊಬ್ಬರ ಕೈಯನ್ನೇ ನೋಡುತ್ತಿದ್ದರು. ಮಲ್ಲಿನಾಥನ ಮುಂಗೈ ಕಪ್ಪಾಗತೊಡಗಿತು.

ನಾನು ಯೋಚಿಸಲಿಲ್ಲ. ಅವನ ಮಗ್ಗದ ಮಾಲೆ ಕಿತ್ತು, ಬಟನ್ ಒತ್ತಿ, ಹಿಡಿಕೆ ಎಳೆದೆ. ಮಗ್ಗ ಹೊರಟಿತು. ಜನರೆಲ್ಲ ದೇವರ ಗಡಿಗೆ ಒಡೆದವಳನ್ನು ನೋಡುವಂತೆ ನನ್ನನ್ನು ನೋಡಿದರು. ನನಗೆ ಕಾಂಡಿ ಸುತ್ತಲು ಕಲಿಸಿದ ಮುದುಕಿ ಬಾಳವ್ವ, "ಏನ ಮಾಡಾಕತ್ತಿ, ಹುಚ್ಚಿ?" ಎಂದು ರಟ್ಟೆ ಹಿಡಿದಳು. ಆಗ ಅವಳ ಕಣ್ಣು ಮಲ್ಲಿನಾಥನ ಕೈ ಮೇಲೆ ಬಿತ್ತು. ಒಂದು ಮಗ್ಗದ ಸದ್ದು ಸಾಲುತ್ತಿರಲಿಲ್ಲ, ಕೂದಲು ಮೊಳಕೈ ದಾಟಿತ್ತು. ಬಾಳವ್ವ ನನ್ನ ರಟ್ಟೆ ಬಿಟ್ಟಳು. ಅವನಿಗೆ ತನ್ನ ಸೆರಗು ಹೊದಿಸಿ ನಿಂತಳು, ಪಕ್ಕದ ಮಗ್ಗದ ಹಿಡಿಕೆ ತಾನೇ ಎಳೆದಳು.

ಬಾಳಾಸಾಹೇಬರು ಕಣ್ಣು ತೆರೆದರು. ನಮ್ಮನ್ನು ನೋಡಿದರು, ಬಾಗಿಲಲ್ಲಿದ್ದವರನ್ನು ನೋಡಿದರು, ಅವರ ಬಗಲಿನ ಚೀಲದಿಂದ ಇಣುಕುವ ತಂತಿಯ ಉರುಲನ್ನು ನೋಡಿದರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಅವರು ಕುಂಕುಮದ ಕೈ ಒರೆಸಿಕೊಂಡು, "ಪೂಜಾ ಮುಗದೈತಿ. ದೇವ್ರು ನೈವೇದ್ಯ ಉಂಡ ಕುಂತಾನ. ಮಗ್ಗಾ ಹಾಡಿದ್ರ ಅವಂಗೇನ ತ್ರಾಸ? ಎಲ್ಲಾ ಹಚ್ರಿ" ಎಂದರು. ಮಾಲೆ ತೊಟ್ಟ ಮಗ್ಗಗಳೆಲ್ಲ ಒಟ್ಟಿಗೆ ಹೊರಟವು, ಚೆಂಡುಹೂವು ಉದುರಿ ನೆಲವೆಲ್ಲ ಹಳದಿಯಾಯಿತು. ಬಾಳವ್ವನ ಸೆರಗಿನಿಂದ ಮಲ್ಲಿನಾಥ ಕೂದಲಿಳಿದ ಕೈ ಹೊರಗೆ ತೆಗೆದು, ಆ ಇಬ್ಬರಿಗೂ ಕೊಬ್ಬರಿ ಪ್ರಸಾದ ಕೊಟ್ಟ. ನನಗೆ ಅಳು ಬಂತು.

ಅವರು ಹೊರಬಿದ್ದ ಕೂಡಲೇ ಬಾಳಾಸಾಹೇಬರು ಅರಣ್ಯ ಇಲಾಖೆಗೆ ಫೋನು ಮಾಡಿದರು. ಗಡಹಿಂಗ್ಲಜದ ರಸ್ತೆಯಲ್ಲಿ ಗಾಡಿ ಹಿಡಿದರಂತೆ. ಒಳಗೆ ಉರುಲುಗಳೂ ಒಣಗಿಸಿದ ಪಿತ್ತಕೋಶಗಳೂ ಸಿಕ್ಕವು. ಇಂಥವರು ಮತ್ತೆ ಬರಬಹುದು, ನಿನಗೆ ಸುಳ್ಳು ಧೈರ್ಯ ಹೇಳುವುದಿಲ್ಲ. ಆದರೆ ಈಗ ಅವನೊಬ್ಬನೇ ಅಲ್ಲ. ಇನ್ನು ಮುಂದೆ ಸೂಟಿಯ ದಿನವೂ ಒಂದು ಸಾಲು ಮಗ್ಗಗಳು ನಡೆಯುತ್ತವೆ, ಕರೆಂಟು ಹೋದರೆ ಜನರೇಟರ್ ಇದೆ. ಬಾಳಾಸಾಹೇಬರು ಬಿಲ್ಲಿನ ಬಗ್ಗೆ ಗೊಣಗುತ್ತಾರೆ, ಗೊಣಗುತ್ತಲೇ ಡೀಸೆಲ್ ತರಿಸುತ್ತಾರೆ. ಕಾರ್ಖಾನೆಯ ಗೋಡೆಗೆ ಹತ್ತಿದ ಖೋಲಿಯನ್ನು ನಮಗೇ ಕೊಡುತ್ತೇನೆ ಎಂದಿದ್ದಾರೆ. ಸದ್ದಿಗೆ ಬೇರೆ ಯಾರೂ ಅಲ್ಲಿ ನಿಲ್ಲುವುದಿಲ್ಲ.

ನಾನು ದಾರಿ ಕಾಯುತ್ತ ಕೂರುವವಳಾಗುವುದಿಲ್ಲ, ಅವ್ವ. ಅದಕ್ಕೇ ಧೈರ್ಯವಾಗಿ ಕೇಳುತ್ತಿದ್ದೇನೆ. ಶೀಗಿ ಹುಣ್ಣಿಮೆ ಮುಗಿಸಿ ಬಾ, ಅಕ್ಷತೆ ನಿನ್ನ ಕೈಯಿಂದಲೇ ಬೀಳಲಿ.

ನಿನ್ನಷ್ಟೇ ಹಟಮಾರಿಯಾದ
ವೃಷಾಲಿ

ತಾ.ಕ.: ಬೆಲ್ಲದ ಮಾತು ನಿನಗೆ ಹೇಗೆ ಹೊಳೆಯಿತು ಎಂದು ಬಹಳ ದಿನ ಯೋಚಿಸಿದೆ. ಪ್ರತಿ ಶೀಗಿ ಹುಣ್ಣಿಮೆಗೆ ಹೊಲಕ್ಕೆ ಚರಗದ ಎಡೆ ಚೆಲ್ಲಿದ ಮೇಲೆ, ನೀನು ಕಬ್ಬಿನ ಬದುವಿನಲ್ಲಿ ಬೇರೆ ಎಲೆ ಹಾಸಿ ಹೋಳಿಗೆ, ಬೆಲ್ಲದ ಅಚ್ಚು ಇಟ್ಟು, ಹಣೆಯ ಕುಂಕುಮ ಸರಿಮಾಡಿಕೊಳ್ಳುವುದನ್ನು ನೋಡುತ್ತ ಬೆಳೆದಿದ್ದೇನೆ. ಮರುದಿನ ಎಲೆ ಖಾಲಿ ಇರುತ್ತಿತ್ತು, ನೀನು ದಿನವೆಲ್ಲ ಹಾಡುತ್ತಿದ್ದೆ. ಗದ್ದಲದ ಗುಟ್ಟು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಈಗ ನಾನು ಹೇಳಿದ್ದೇನೆ. ಲಕೋಟೆಯಲ್ಲಿ ಎರಡು ಬನ್ನಿ ಎಲೆ ಇವೆ. ಒಂದು ನಿನಗೆ, ಇನ್ನೊಂದನ್ನು ಈ ಸಲ ಬದುವಿನಲ್ಲಿ ಅಪ್ಪನ ಎಲೆಯ ಮೇಲಿಡು. ಮಲ್ಲಿನಾಥನೂ ನಾನೂ ಆ ರಾತ್ರಿ ಬದುವಿಗೇ ಟೆಂಪೋ ತರುತ್ತೇವೆ, ಅದರಲ್ಲಿ ದೊಡ್ಡ ಸ್ಪೀಕರ್ ಇದೆ. ಟ್ರಂಕಿನಲ್ಲಿ ಮಡಚಿಟ್ಟಿರುವ ಅಪ್ಪನ ಧೋತರ, ಅಂಗಿ ತೆಗೆದು ಬಿಸಿಲಿಗೆ ಹಾಕಿರು.